ಬಂದೂಕಿನ ವಕೀಲರು

ನಮ್ಮ ಕಡೆಯ ವಕೀಲರ ಸಂಘದವರು ಹಳೆಯ ವಕೀಲರನ್ನು ನೆನೆದು ಒಂದು ಸಂಚಿಕೆ ತರುತ್ತಿದ್ದಾರೆ. ಗಂಗಾವತಿಯ ಬಂದೂಕಿನ ವಕೀಲರ ಬಗ್ಗೆ ಬರೆದುಕೊಡಿ ಎಂದು ಇಬ್ಬರು ತರುಣ ವಕೀಲರು ನನ್ನ ಮನೆಗೆ ಬಂದಿದ್ದರು. ಅವರನ್ನು ಅದಾಲತ್ತಿನಲ್ಲಿ ಕಣ್ಣಾರೆ ಕಂಡವರ ಪೈಕಿ ಉಳಿದವನು ನಾನೊಬ್ಬನೇ ಎಂದು ಯಾರೋ ಹೇಳಿದ್ದರಂತೆ. ಅದು ನಿಜ. ಆದರೆ ನಾನು ಕಂಡವನಷ್ಟೇ ಅಲ್ಲ, ಅವರು ವರ್ಷಗಟ್ಟಲೆ ಕಾದು ಹೂಡಿದ ಮೊಕದ್ದಮೆಯನ್ನು ಕೆಡಿಸಿದವನೂ ನಾನೇ. ಇದನ್ನು ಆ ತರುಣರಿಗೆ ಹೇಳಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಬಾಯಿಂದ ಬಾರದ್ದು ಕೈಯಿಂದ ಬಂದೀತೇನೋ ಎಂದು ಈಗ ಬರೆಯುತ್ತಿದ್ದೇನೆ. ವಕೀಲರ ಹೆಸರು ಸಂಚಿಕೆಯ ಬೇರೆ ಪುಟಗಳಲ್ಲಿ ಇರುತ್ತದೆ. ನಾನು ಬರೆಯುವುದಿಲ್ಲ.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಕಪ್ಪು ಶೇರವಾನಿ ಮೊಣಕೈ ಹತ್ತಿರ ಸವೆದು ಹೊಳೆಯುತ್ತಿತ್ತು. ಮುಂಜಾನೆ ಅದಾಲತ್ತಿಗೆ ಬರುವಾಗಲೇ ಸಂಜೆ ಮನೆಗೆ ಹೊರಟವರಂತೆ ಕಾಣುತ್ತಿದ್ದರು. ಅದಾಲತ್ತಿನ ಮುಂದಿನ ಕಟ್ಟೆಯ ಮೇಲೆ ಕೂತು, ಕಾಲು ಚಾಚಿ, ಯಾರನ್ನೂ ನೋಡದೆ ಹೇಳುತ್ತಿದ್ದರು: "ಇವತ್ತೂ ಸೋಲೋದು ಐತಿ. ಲಗೂನ ಸೋತು ಮನಿಗೆ ಹೋಗೋಣು."

ಹುಟ್ಟಿದ್ದು ಕುಷ್ಟಗಿ ಕಡೆಯ ಒಂದು ಒಕ್ಕಲುತನದ ಮನೆಯಲ್ಲಿ. ಹೈದರಾಬಾದಿಗೆ ಹೋಗಿ ವಕಾಲತ್ತು ಓದಿಕೊಂಡು ಬಂದಿದ್ದರು. ಅಷ್ಟು ಓದಿದವರು ಅಲ್ಲೇ ಇದ್ದರೆ ಬಂಗಲೆ ಕಟ್ಟಬಹುದಿತ್ತು ಎಂದು ಜನ ಅನ್ನುತ್ತಿದ್ದರು. ಯಾಕೆ ಬಂದಿರಿ ಎಂದು ಕೇಳಿದರೆ, "ಅಲ್ಲಿ ಜ್ವಾಳದ ರೊಟ್ಟಿ ತಟ್ಟೋರು ಸಿಗಲಿಲ್ಲ" ಎನ್ನುತ್ತಿದ್ದರು.

ಸರಕಾರದ ಯಾವ ಕಾಗದ ಕೈಗೆ ಬಂದರೂ ಅವರು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಮೊದಲು ಸಹಿ, ಆಮೇಲೆ ಮೊಹರು, ಆಮೇಲೆ ಹುಕುಂ. ಆಗ ಕಚೇರಿಯಲ್ಲಿ ಮುನ್ಷಿಯಾಗಿದ್ದ ನಾನು, ಇದೇನು ಉಲ್ಟಾ ಪದ್ಧತಿ ಎಂದು ಒಮ್ಮೆ ಕೇಳಿದೆ. "ಏನ್ ಬರದಾರ ಅನ್ನೋದು ಆಮ್ಯಾಲಿನ ಮಾತು ಮುನ್ಷಿ. ಬರಿಯಾಕ ಇವನ್ಯಾರು ಅಂತ ಮೊದಲು ನೋಡಬೇಕು" ಎಂದರು. ಅವರ ಇಡೀ ವಕಾಲತ್ತು ಈ ಒಂದು ಮಾತಿನಲ್ಲಿತ್ತು.

ಬಂದೂಕಿನ ವಕೀಲರು ಎಂಬ ಹೆಸರನ್ನು ಜನ ಚೇಷ್ಟೆಗೆ ಇಟ್ಟಿದ್ದು. ಅವರಿಗೆ ಬಂದೂಕು ಎಂದರೆ ಆಗುತ್ತಿರಲಿಲ್ಲ. ಮದುವೆ ಮೆರವಣಿಗೆಯಲ್ಲಿ ಪಟಾಕಿ ಹಾರಿಸಿದರೂ ಕಿವಿ ಮುಚ್ಚಿಕೊಂಡು ಅಂಗಡಿಯ ಒಳಗೆ ಸರಿಯುತ್ತಿದ್ದರು. ಒಬ್ಬ ಕಕ್ಷಿದಾರ ತನ್ನ ಹಳೆಯ ಬಂದೂಕನ್ನು ಹೆಗಲ ಮೇಲೆ ಹೊತ್ತು ಅವರ ಪಡಸಾಲೆಗೇ ಬಂದಾಗ, "ಅದನ್ನ ಹೊರಗ ಕಟ್ಟಿ ಮ್ಯಾಲ ಮಲಗಸಿ ಬಾರಪಾ, ಎಚ್ಚರಾದೀತು" ಎಂದರಂತೆ. ಬಂದೂಕಿನ ಮೇಲೆ ಪ್ರೀತಿ ಇಲ್ಲದವರು ಬಂದೂಕಿನ ಮೊಕದ್ದಮೆ ಯಾಕೆ ಹಿಡಿಯುತ್ತಿದ್ದರು ಎಂಬುದನ್ನು ಹೇಳಬೇಕು.

ಆಗ ನಮ್ಮ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಈಗಿನ ಹಾಗೆ ಸಂವಿಧಾನ ಇರಲಿಲ್ಲ. ಹುಜೂರರ, ಅಂದರೆ ನಿಜಾಮರ, ಸಹಿ ಬಿದ್ದದ್ದು ಕಾನೂನು. ಆ ಕಾನೂನಿನಲ್ಲಿ ಗುಡ್ಡದ ಅಂಚಿನ ರೈತರಿಗೆ ಒಂದು ರಿಯಾಯಿತಿ ಇತ್ತು. ಬೆಳೆ ಕಾಯಲಿಕ್ಕೆ ಒಂದು ನಾಡಬಂದೂಕು ಇಟ್ಟುಕೊಳ್ಳಬಹುದು, ಊರ ಗೌಡರ ಚೀಟಿ ಇದ್ದರೆ ಸಾಕು. ಕನಕಗಿರಿ, ಹುಲಿಹೈದರದ ಕಡೆ ಕಾಡುಹಂದಿ, ಕರಡಿಗಳ ಕಾಟ ಬಹಳ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಮೇಲಿನ ಕಚೇರಿಯಿಂದ ಒಂದು ಗಶ್ತಿ ಬಂತು. ಗಶ್ತಿ ಎಂದರೆ ಅಧಿಕಾರಿಗಳು ಕಚೇರಿಯಿಂದ ಕಚೇರಿಗೆ ತಿರುಗಿಸುವ ಸುತ್ತೋಲೆ. ಎಲ್ಲ ನಾಡಬಂದೂಕುಗಳನ್ನೂ ಮುಂದಿನ ಹುಕುಂ ಬರುವವರೆಗೆ ಪೊಲೀಸ್ ಚೌಕಿಯಲ್ಲಿ ಇಡಬೇಕು ಎಂದು ಅದರಲ್ಲಿತ್ತು. ಮುಂದಿನ ಹುಕುಂ ಬರಲೇ ಇಲ್ಲ. ಬಂದೂಕುಗಳು ಚೌಕಿಯ ಮೂಲೆಯಲ್ಲಿ ಕಟ್ಟಿಗೆಯ ಹಾಗೆ ಒಟ್ಟಿಕೊಂಡು ಬಿದ್ದವು. ಹಂದಿಗಳಿಗೆ ಸುಗ್ಗಿಯಾಯಿತು.

ವಕೀಲರು ಆ ಗಶ್ತಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು. "ಕಾನೂನಿಗೆ ಹುಜೂರರ ಸಹಿ ಐತಿ. ಇದಕ್ಕ ಪಗಾರ ತಗೊಳ್ಳೋ ನೌಕರನ ಸಹಿ ಐತಿ. ಧಣಿ ಕೊಟ್ಟದ್ದನ್ನ ಆಳು ಕಸಗೊಳ್ಳಾಕ ಬರತೈತೇನು?" ಎಂದರು. ಪ್ರಶ್ನೆ ಅಷ್ಟೇ. ಆದರೆ ಆ ದಿನಗಳಲ್ಲಿ ಅದನ್ನು ಅದಾಲತ್ತಿನಲ್ಲಿ ನಿಂತು ಕೇಳುವವರು ಯಾರೂ ಇರಲಿಲ್ಲ.

ಅವರು ಕೇಳಲು ಹೋದಾಗಲೆಲ್ಲ ಏನೋ ಒಂದು ಅಡ್ಡ ಬರುತ್ತಿತ್ತು. ಒಬ್ಬ ರೈತನ ಚೀಟಿ ಇಲಿ ತಿಂದಿತ್ತು. ಇನ್ನೊಬ್ಬನ ಮೇಲೆ ಹಳೆಯ ಕಳವಿನ ಆರೋಪ ಇತ್ತು. ಮೂರನೆಯವರು ಕನಕಗಿರಿಯಲ್ಲಿ ಬೀಗ, ಬಂದೂಕು ದುರಸ್ತಿ ಮಾಡುತ್ತಿದ್ದ ಒಬ್ಬ ಮುದುಕ ಉಸ್ತಾದರು. ಅವರ ಮೊಕದ್ದಮೆ ಚೆನ್ನಾಗಿ ನಡೆದಿತ್ತು. ತೀರ್ಪಿನ ಹಿಂದಿನ ದಿನ ಚೌಕಿಯವರು ಅವರ ಬಂದೂಕನ್ನು ಮನೆಗೇ ತಂದು ಕೊಟ್ಟು, ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಉಸ್ತಾದರು ಸಂಕೋಚದಿಂದ ವಕೀಲರ ಮುಂದೆ ಬಂದು ನಿಂತು, "ಮಾಫ್ ಮಾಡ್ರಿ ಸಾಬ್, ಹೊಟ್ಟಿ ಪ್ರಶ್ನಾ ಐತಿ" ಎಂದರು. "ಇರ್ಲಿ ಬಿಡ್ರಿ ಉಸ್ತಾದ್. ನಿಮ್ಮ ಬಂದೂಕು ನಿಮಗ ಬಂತು, ನನ್ನ ಪ್ರಶ್ನಿ ನನ್ನ ಹತ್ರ ಉಳೀತು" ಎಂದು ವಕೀಲರು ಅವರಿಗೆ ಚಹಾ ತರಿಸಿ ಕೊಟ್ಟರು.

ನಾನು ಕೊಪ್ಪಳದ ಪೇಟೆಯಲ್ಲಿ ಬೆಳೆದವನು. ಉರ್ದು ಮಾಧ್ಯಮದಲ್ಲಿ ಮೆಟ್ರಿಕ್ ಪಾಸಾಗಿ, ಗಂಗಾವತಿಯ ಅದಾಲತ್ತಿಗೆ ಹೊಂದಿಕೊಂಡ ತಾಲೂಕು ಕಚೇರಿಯಲ್ಲಿ ತರ್ಜುಮೆ ಮಾಡುವ ಮುನ್ಷಿಯಾಗಿ ಸೇರಿದ್ದೆ. ಜನ ಹೇಳುವುದು ಕನ್ನಡದಲ್ಲಿ, ಕಾಗದ ಆಗುವುದು ಉರ್ದುವಿನಲ್ಲಿ. ನಡುವೆ ನಾನು. ಸಾಲೆಯಲ್ಲಿ ಕಲಿತದ್ದು ಅಚ್ಚಿನ ಉರ್ದು. ಕಚೇರಿಯ ಓಟದ ಬರಹ ನೋಡಿದರೆ ಇರುವೆ ಹರಿದಾಡಿದ ಹಾಗೆ ಕಾಣುತ್ತಿತ್ತು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಬಿಡುವಿಲ್ಲ. ಮೊದಲ ತಿಂಗಳು ನಾನು ಊಟದ ಹೊತ್ತಿನಲ್ಲಿ ಕಟ್ಟೆಯ ಹಿಂದೆ ಹೋಗಿ ಅತ್ತದ್ದುಂಟು. ವಕೀಲರು ಅದನ್ನು ನೋಡಿದರು. ಅಂದಿನಿಂದ ಮೂರು ತಿಂಗಳು ದಿನಾ ಮಧ್ಯಾಹ್ನ ತಮ್ಮ ಹಳೆಯ ಕಾಗದಗಳನ್ನು ಹರಡಿಕೊಂಡು ಓದಲು ಕಲಿಸಿದರು. ತಮ್ಮ ರೊಟ್ಟಿ, ಪುಂಡಿಪಲ್ಯದಲ್ಲಿ ಅರ್ಧ ನನ್ನ ಕಡೆ ಸರಿಸುತ್ತಿದ್ದರು. ನನಗೆ ಅನ್ನ ಕೊಟ್ಟ ವಿದ್ಯೆ ಅವರದು. ಅದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಕಲಿತೇ ಬಂದವನ ಹಾಗೆ ನಡೆದುಕೊಳ್ಳುತ್ತಿದ್ದೆ.

ಯುದ್ಧದ ನಡುವಿನ ಒಂದು ವರ್ಷ ಹುಲಿಹೈದರದ ಯಮನಪ್ಪ ಎಂಬ ರೈತ ಅವರಿಗೆ ಸಿಕ್ಕ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಗೌಡರ ಚೀಟಿಯನ್ನು ಮಡಿಕೆ ಮುರಿಯದ ಹಾಗೆ ಬಿದಿರಿನ ಕೊಳವೆಯಲ್ಲಿ ಇಟ್ಟಿದ್ದ. ಯಾವ ಆರೋಪವೂ ಇರಲಿಲ್ಲ. ಅವನು ಬಂದೂಕು ಕೊಡುವುದಿಲ್ಲ ಎಂದದ್ದಕ್ಕೆ ಚೌಕಿಯವರು ಬಂದೂಕನ್ನೂ ಒಯ್ದು, ಅವನ ಮೇಲೂ ಮೊಕದ್ದಮೆ ಹಾಕಿದ್ದರು. ವಕೀಲರು ಆವತ್ತು ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಇದ್ದರು.

"ಯಮನಪ್ಪ, ನಡುವ ರಾಜಿ ಮಾಡಾಕ ಬರ್ತಾರ. ಬಂದೂಕು ತಗೊಂಡು ಸುಮ್ಮನ ಹೋಗು ಅಂತಾರ. ಆಗೇನ್ ಮಾಡ್ತಿ?"

"ನನಗೊಬ್ಬನಿಗೆ ಕೊಟ್ರ ಹಂದಿ ಮಗ್ಗಲು ಹೊಲಕ್ಕ ಹೋಗತಾವ್ರಿ. ಅದೂ ನಮ್ಮ ಅಣ್ಣಂದ. ಎಲ್ಲಾರಿಗೂ ಕೊಡ್ಲಿ ಅಂತೀನಿ" ಎಂದ ಯಮನಪ್ಪ.

ವಕೀಲರು ನನ್ನ ಕಡೆ ತಿರುಗಿ, "ನಾ ಹೈದರಾಬಾದಿನಾಗ ನಾಕು ವರ್ಷ ಓದಿದ್ದನ್ನ ಈ ಮನಶಾ ಒಂದು ಮಾತಿನಾಗ ಹೇಳಿದ ನೋಡ್ರಿ" ಎಂದರು. ಈ ಮೊಕದ್ದಮೆ ಗೆದ್ದರೆ ಗುಡ್ಡದ ಅಂಚಿನ ಎಲ್ಲ ಹಳ್ಳಿಗಳ ಬಂದೂಕುಗಳೂ ತಿರುಗಿ ಬರುತ್ತಿದ್ದವು. ಸೋತರೆ ಯಮನಪ್ಪ ಜೈಲಿಗೆ.

ಅವನ ಹೇಳಿಕೆ ಅದಕ್ಕೆ ಮೊದಲೇ, ವಕೀಲರು ಇನ್ನೂ ಸಿಕ್ಕಿಲ್ಲದಾಗಲೇ ನಮ್ಮ ಕಚೇರಿಯಲ್ಲಿ ಆಗಿತ್ತು. ಬರೆದವನು ನಾನು. ಅವನು ಹೇಳಿದ್ದು ಇಷ್ಟು: "ನಾ ಮನಿಗೆ ಬರೋದ್ರಾಗ ಜವಾನ್ರು ಬಾಗಲಾಗ ನಿಂತಿದ್ರು. ಬಂದೂಕು ಕೊಡು ಅಂದ್ರು. ಚೀಟಿ ಐತ್ರಿ, ಕೊಡಂಗಿಲ್ಲ ಅಂದೆ. ಆಗ ಕೈಯಾಗ ಬಾರು ಇತ್ತು. ಅದನ್ನ ಕೆಳಗ ಇಟ್ಟು ಕೈ ಮುಗದೆ."

ಬಾರು ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಬಂದೂಕಿಗೆ ತುಂಬುವ ಮದ್ದುಗುಂಡು. ಬಾರು ಮಾಡಿದ ಬಂದೂಕು ಎಂದು ಎಲ್ಲರೂ ಅನ್ನುತ್ತಿದ್ದರು. ಮೊಕದ್ದಮೆ ಬಂದೂಕಿನದು. ನಾನು ಎರಡನೇ ಸಲ ಕೇಳಲಿಲ್ಲ. ಕೇಳಿದರೆ ಈ ಮುನ್ಷಿಗೆ ಕನ್ನಡವೂ ಬರುವುದಿಲ್ಲ ಎಂದಾರು ಎಂಬ ನಾಚಿಕೆ. "ಆಗ ನನ್ನ ಕೈಯಲ್ಲಿ ಭರ್ತಿ ಮಾಡಿದ ಬಂದೂಕು ಇತ್ತು" ಎಂದು ಉರ್ದುವಿನಲ್ಲಿ ಬರೆದು ಅವನ ಹೆಬ್ಬೆಟ್ಟು ಒತ್ತಿಸಿದೆ.

ವಿಚಾರಣೆಗೆ ಎರಡು ದಿನ ಮೊದಲು ವಕೀಲರಿಗೆ ಆ ಹೇಳಿಕೆಯ ನಕಲು ಸಿಕ್ಕಿತು. ನೇರ ನನ್ನ ಹತ್ತಿರ ಬಂದರು.

"ಮುನ್ಷಿ, ಯಮನಪ್ಪ ಏನ್ ಅಂದಾ, ಅವನ ಮಾತಿನಾಗ ಹೇಳ್ರಿ."

"ಕೈಯಾಗ ಬಾರು ಇತ್ತು ಅಂದ್ರಿ."

ವಕೀಲರು ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ಕಂಡದ್ದು ಅಪರೂಪ. "ನೀವು ಎತ್ತಿನ ಹಿಂದ ಒಂದಿನಾನೂ ನಡದಿಲ್ಲ ಹೌದಿಲ್ಲೋ? ಬಾರು ಅಂದ್ರ ತೊಗಲಿನ ಬಾರು. ಬಾರುಕೋಲು. ಹೊಲದಿಂದ ಬರೋ ಒಕ್ಕಲಿಗನ ಕೈಯಾಗ ಮತ್ತೇನಿರತೈತಿ?"

ಅವರು ನನ್ನ ಭುಜದ ಮೇಲೆ ಕೈ ಇಟ್ಟರು. "ತಪ್ಪು ಎಲ್ಲಾರ ಕೈಲೆ ಆಗತೈತಿ. ಅದಾಲತ್ತಿನಾಗ ನಾ ಕೇಳ್ತೀನಿ. ಬಾರಿಗೆ ಎರಡು ಅರ್ಥ ಅದಾವು, ನಾ ಒಂದ ತಿಳದಿದ್ದೆ ಅನ್ರಿ. ಮುಗೀತು." ನಾನು ಹೂಂ ಎಂದೆ.

ಆ ಮಧ್ಯಾಹ್ನ ನಮ್ಮ ಪೇಶ್ಕಾರರಿಗೆ, ಅಂದರೆ ಹಿರಿಯ ಗುಮಾಸ್ತರಿಗೆ, ಇದನ್ನು ಹೇಳಿದೆ. ಹೇಳಬಾರದಿತ್ತು. ಅವರು ಕೆಟ್ಟವರಲ್ಲ, ಅನುಭವಸ್ಥರು. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

"ಲೇ ತಮ್ಮಾ, ನೀ ಇನ್ನೂ ಕಾಯಂ ಆಗಿಲ್ಲ. ತಪ್ಪು ತರ್ಜುಮಾ ಮಾಡ್ಯಾನ ಅಂತ ಫೈಲಿನಾಗ ಒಂದು ಗೆರಿ ಬಿದ್ರ ಮುಗೀತು. ಮದಿವಿ ಬ್ಯಾರೆ ನಿಕ್ಕಿ ಆಗೈತಿ. ನೌಕರಿ ಇಲ್ಲದವಗ ಹೆಣ್ಣು ಕೊಡ್ತಾರೇನು?"

"ಮತ್ತ ಯಮನಪ್ಪ?"

"ಅವಗೇನು, ಭಾಳಂದ್ರ ದಂಡ ಬೀಳತೈತಿ. ವಕೀಲರಿಗೆ ಸೋತು ರೂಢಿ ಐತಿ."

ಆ ಕೊನೆಯ ಮಾತು ನನ್ನ ಮನಸ್ಸಿಗೆ ಹಾಯೆನಿಸಿತು. ಅದನ್ನು ಇಲ್ಲಿ ಬರೆಯಲೇಬೇಕು.

ವಿಚಾರಣೆಯ ದಿನ ವಕೀಲರು ಮಾತಾಡಿದ್ದನ್ನು ನಾನು ಮರೆತಿಲ್ಲ. ದನಿ ಏರಿಸಲಿಲ್ಲ. ಒಂದು ಕೈಯಲ್ಲಿ ಕಾನೂನಿನ ಪುಸ್ತಕ, ಇನ್ನೊಂದು ಕೈಯಲ್ಲಿ ಗಶ್ತಿಯ ಕಾಗದ ಹಿಡಿದು, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರು, ಅಷ್ಟೇ. ಸರಕಾರವೇ ತನ್ನ ಕಾನೂನನ್ನು ಮೀರಿದರೆ ರೈತನಿಗೆ ಕಾನೂನು ಮೀರಬೇಡ ಎಂದು ಹೇಳುವ ಬಾಯಿ ಯಾರಿಗೆ ಉಳಿಯುತ್ತದೆ ಎಂದರು. ಮುನ್ಸಿಫ್ ಸಾಹೇಬರು ಹೈದರಾಬಾದಿನವರು, ಹೊಸದಾಗಿ ಬಂದವರು, ಕನ್ನಡ ಬಾರದವರು. ಲೇಖಣಿ ಕೆಳಗಿಟ್ಟು ಕೇಳಿದರು. ಇದಕ್ಕೆ ತಾವು ತೀರ್ಪಿನಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ ಎಂದರು. ವಕೀಲರ ಬೆನ್ನು ನೆಟ್ಟಗಾದದ್ದನ್ನು ಆವತ್ತು ನೋಡಿದೆ.

ಆಗ ಸರಕಾರದ ವಕೀಲರು ಎದ್ದು, ಆರೋಪಿ ಭರ್ತಿ ಮಾಡಿದ ಬಂದೂಕು ಹಿಡಿದು ಜವಾನರಿಗೆ ಎದುರು ನಿಂತಿದ್ದ, ಹೇಳಿಕೆ ನೋಡಬೇಕು ಎಂದರು. ನಮ್ಮ ವಕೀಲರು ತರ್ಜುಮೆ ಮಾಡಿದವರನ್ನು ಕರೆಯಿರಿ ಎಂದರು. ನಾನು ಹೋಗಿ ನಿಂತೆ.

"ಬಾರು ಅಂದರೇನು?" ಮುನ್ಸಿಫ್ ಸಾಹೇಬರು ಉರ್ದುವಿನಲ್ಲಿ ಕೇಳಿದರು.

"ಭರ್ತಿ ಮಾಡಿದ ಬಂದೂಕು, ಹುಜೂರ್."

ವಕೀಲರು ಮೆಲ್ಲಗೆ ಕೇಳಿದರು: "ಮುನ್ಷಿಯವರೇ, ಆ ಶಬ್ದಕ್ಕೆ ಇನ್ನೊಂದು ಅರ್ಥ ಇದೆಯೇ?"

"ಇಲ್ಲ."

ಅವರು ನನ್ನನ್ನು ನೋಡಿದರು. ಮುಂದಿನ ಪ್ರಶ್ನೆಗೆ ಬಾಯಿ ತೆರೆದರು. ಮೊನ್ನೆ ನಾನು ನಿಮಗೆ ಇದನ್ನು ಹೇಳಲಿಲ್ಲವೇ ಎಂಬುದೇ ಆ ಪ್ರಶ್ನೆ, ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ. ಬೇರೆ ಸಾಕ್ಷಿ ತರುತ್ತೇನೆ, ವಾಯಿದೆ ಕೊಡಿ ಎಂದು ಮುನ್ಸಿಫರನ್ನು ಬೇಡಿದರು. ಸಿಗಲಿಲ್ಲ. ಕೂತುಬಿಟ್ಟರು.

ನಡೆದದ್ದು ಉರ್ದುವಿನಲ್ಲಿ. ಯಮನಪ್ಪನಿಗೆ ಬಾರು ಎಂಬ ಒಂದು ಶಬ್ದ ಬಿಟ್ಟು ಬೇರೇನೂ ತಿಳಿದಿರಲಿಲ್ಲ. ಅಷ್ಟಕ್ಕೇ ಕಟಕಟೆಯಿಂದ ಕೂಗಿ ಹೇಳಿದ: "ಬಾರು ಅಂದ್ರ ಬಾರುಕೋಲು ರೀ ಸಾಹೇಬ್ರ. ಎತ್ತಿಂದು."

ಏನು ಹೇಳುತ್ತಾನೆ ಎಂದು ಮುನ್ಸಿಫ್ ಸಾಹೇಬರು ನನ್ನನ್ನೇ ಕೇಳಿದರು. "ಈಗ ಅದು ಚಾಟಿ ಎಂದು ಹೇಳುತ್ತಿದ್ದಾನೆ" ಎಂದೆ. ಈಗ ಎಂಬ ಶಬ್ದವನ್ನು ನಾನೇ ಸೇರಿಸಿದೆ. ಮುನ್ಸಿಫ್ ಸಾಹೇಬರು ಸಣ್ಣಗೆ ನಕ್ಕು ಬರೆದುಕೊಂಡರು.

ತೀರ್ಪು ಚಿಕ್ಕದಾಗಿತ್ತು. ಭರ್ತಿ ಮಾಡಿದ ಬಂದೂಕು ತೋರಿಸಿ ಸರಕಾರದ ಆಳುಗಳನ್ನು ಹೆದರಿಸುವುದು ಹುಜೂರರ ಕಾನೂನಿನ ಪ್ರಕಾರವೇ ಅಪರಾಧ. ಆದ್ದರಿಂದ ಗಶ್ತಿ ಸರಿಯೋ ತಪ್ಪೋ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಆರು ತಿಂಗಳು ಸಜೆ. ವಕೀಲರು ತಮ್ಮ ಕೈಯಿಂದಲೇ ಖರ್ಚು ಮಾಡಿಕೊಂಡು ಹೈದರಾಬಾದಿನ ಮೇಲಿನ ಅದಾಲತ್ತಿಗೂ ಹೋದರು. ಅಲ್ಲಿಯೂ ಮುನ್ಷಿಯ ಮಾತನ್ನೇ ಹಿಡಿದರು, ಪ್ರಶ್ನೆ ಏಳುವುದಿಲ್ಲ ಎಂದರು. ಅವರು ಇಡೀ ಜೀವಮಾನ ಹೊತ್ತು ತಿರುಗಿದ ಪ್ರಶ್ನೆಗೆ ಇಲ್ಲ ಎಂದೂ ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ನನ್ನ ನೌಕರಿ ಕಾಯಂ ಆಯಿತು. ಮದುವೆಯೂ ಆಯಿತು. ವಕೀಲರು ಮದುವೆಗೆ ಬಂದು ಅಕ್ಷತೆ ಹಾಕಿ, ಉಂಡು ಹೋದರು. ಎದುರಿಗೆ ಸಿಕ್ಕರೆ "ಆರಾಮ ಅದೀರೇನು ಮುನ್ಷಿ" ಎಂದು ಮೊದಲಿನ ಹಾಗೇ ಕೇಳುತ್ತಿದ್ದರು. ನಾನೇ ಅವರು ಕೂಡುವ ಕಟ್ಟೆ ಬಿಟ್ಟು ಹಿಂದಿನ ಬಾಗಿಲಿನಿಂದ ಕಚೇರಿಗೆ ಹೋಗುವ ರೂಢಿ ಮಾಡಿಕೊಂಡೆ. ಅವರು ಬಂದೂಕಿನ ಮೊಕದ್ದಮೆ ಮತ್ತೆ ಹಿಡಿಯಲಿಲ್ಲ. ಬದುವಿನ ಜಗಳ, ದನದ ಜಗಳ, ಇಂಥವೇ. ಕನಕಗಿರಿ, ಹುಲಿಹೈದರದ ಕಡೆಯ ರೈತರು ಅವರ ಹತ್ತಿರ ಬರುವುದು ನಿಂತೇ ಹೋಯಿತು. ಸೋತ ವಕೀಲರ ಹತ್ತಿರ ಯಾರು ಬರುತ್ತಾರೆ ಎಂದುಕೊಂಡಿದ್ದೆ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಅವರು ಹಾಸಿಗೆ ಹಿಡಿದರು. ಇನ್ನು ತಡಮಾಡಬಾರದು ಎಂದು ಹೋದೆ. ಎಲ್ಲವನ್ನೂ ಹೇಳಿದೆ, ಪೇಶ್ಕಾರರ ಮಾತನ್ನೂ, ನಾನು ಸೇರಿಸಿದ ಆ ಒಂದು ಶಬ್ದವನ್ನೂ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಗೊತ್ತಿತ್ತು ಮುನ್ಷಿ. ಎರಡನೇ ಪ್ರಶ್ನಿ ನನ್ನ ನಾಲಿಗಿ ತುದಿಗೆ ಬಂದಿತ್ತು. ನಿಮ್ಮ ಮದಿವಿ ನಿಕ್ಕಿ ಆಗಿದ್ದು ನೆನಪಾತು. ಕೇಳಿದ್ರ ನೀವು ಹೋಗ್ತಿದ್ರಿ, ಕೇಳದಿದ್ರ ಯಮನಪ್ಪ ಹೋಗ್ತಿದ್ದ. ನಾ ಯಾರ ವಕೀಲ? ಅವನ ವಕೀಲ. ನಿಮಗ ಅಕ್ಷರಾ ಕಲಿಸಿದ್ನಲ್ಲ, ಆ ಮಮತಾ ಅಡ್ಡ ಬಂತು. ತಪ್ಪು ನಂದೂ ಐತಿ."

ನಾನು ತಂಬಿಗೆಯ ನೀರು ಬಗ್ಗಿಸಿ ಕೊಟ್ಟೆ, ಒಂದು ಗುಟುಕು ಕುಡಿದು ಮತ್ತೆ ಹೇಳಿದರು.

"ಅಂವ ಜೇಲಿನಿಂದ ಬಂದ ಮ್ಯಾಲ ಹುಲಿಹೈದರಕ್ಕ ಹೋಗಿ ಕೈ ಮುಗದು ಬಂದೀನಿ. ನೀವೂ ಒಮ್ಮೆ ಹೋಗಿ ಬರ್ರಿ."

"ಅಂವ ಏನ್ ಅಂದ್ರಿ?"

"ಏನೂ ಅನಲಿಲ್ಲ" ಎಂದು ಗೋಡೆಯ ಕಡೆ ಹೊರಳಿದರು. ಅದೇ ತಿಂಗಳು ತೀರಿಕೊಂಡರು.

ಅವರ ದಿನಕರ್ಮಗಳು ಮುಗಿದ ಮೇಲೆ ನಾನು ಹುಲಿಹೈದರಕ್ಕೆ ಹೋದೆ. ಯಮನಪ್ಪ ಕಣದಲ್ಲಿ ಜೋಳ ತೂರುತ್ತಿದ್ದ. ತಲೆ ಪೂರಾ ನೆರೆತಿತ್ತು. ನನ್ನ ಗುರುತು ಹತ್ತಲಿಲ್ಲ. ಇಂಥವನು ಎಂದೆ, ಆ ಶಬ್ದ ಬರೆದವನು ಎಂದೆ, ಗೊತ್ತಿದ್ದೂ ಅದಾಲತ್ತಿನಲ್ಲಿ ಇಲ್ಲ ಎಂದವನು ಎಂದೆ. ಅವನು ತೂರುವ ಮೊರವನ್ನು ಕೆಳಗಿಟ್ಟ.

"ನೀವು ಬರದ್ರೇನು?"

"ಹೌದು."

"ವಕೀಲರು ಬರಸಲಿಲ್ಲೇನು?"

ನನಗೆ ಅರ್ಥವಾಗಲಿಲ್ಲ. ಯಮನಪ್ಪ ಕಣದ ಅಂಚಿಗೆ ಬಂದು ಕೂತ.

"ನಾ ಜೇಲಿನಿಂದ ಬಂದ ಮ್ಯಾಲ ಅವರು ಬಂದ್ರು. ತಪ್ಪು ನಂದು ಯಮನಪ್ಪ ಅಂತ ಕೈ ಮುಗದ್ರು. ಯಾ ತಪ್ಪು ಅಂತ ನಾ ಕೇಳಲಿಲ್ಲ, ಅವರು ಬಿಡಿಸಿ ಹೇಳಲಿಲ್ಲ. ಸರಕಾರದವರ ಕೂಡ ಒಳಗೊಳಗ ಮಾತಾಡಿ ಇವರೇ ಆಮ್ಯಾಲ ಕಾಗದದಾಗ ಆ ಮಾತು ಸೇರಿಸ್ಯಾರ, ಅದಕ್ಕ ಕೈ ಮುಗಿಯಾಕ ಬಂದಾರ ಅಂತ ತಿಳಕೊಂಡೆ. ಕುಡಿಯಾಕ ನೀರು ಸೈತ ಕೊಡಲಿಲ್ಲ. ಬಾಗಲಾ ಹಾಕ್ಕೊಂಡೆ." ಅವನು ಮುಂದುವರಿಸಿದ. "ಸುತ್ತ ಇದ್ದ ಹಳ್ಳಿಗೆಲ್ಲಾ ಹೇಳ್ಕೋಂತ ಬಂದೀನ್ರಿ. ಆ ವಕೀಲನ ಕಡೆ ಹೋಗಬ್ಯಾಡ್ರಿ, ರೊಕ್ಕಕ್ಕ ಮಾರಿಕೊಂಡಾನ ಅಂತ. ಯಾರೂ ಹೋಗಲಿಲ್ಲ."

ಗಾಳಿ ಬಿದ್ದಿತ್ತು. ಹೊಟ್ಟು ಇದ್ದಲ್ಲೇ ಇತ್ತು.

"ಈಗ ಎಲ್ಲಿ ಅದಾರ ಅವರು?"

"ತೀರಿಕೊಂಡ್ರು" ಎಂದೆ.

ಯಮನಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹೇಳಿದ: "ನನಗೊಬ್ಬನಿಗೆ ಹೇಳಿದ್ರ ಏನ್ ಬಂತ್ರಿ? ಸಂಜೀಕ ಮಂದಿ ಚಾವಡಿ ಮುಂದ ಕೂಡತಾರ. ನೀವು ಇದ್ದು, ನಿಮ್ಮ ಬಾಯಲೆ ಹೇಳ್ರಿ. ನಾ ಹೇಳಿದ್ರ ಯಾರು ನಂಬತಾರ, ಇಷ್ಟು ವರ್ಷ ಉಲ್ಟಾ ಹೇಳೀನಿ."

ಕನಕಗಿರಿಗೆ ಹೋಗುವ ಗಾಡಿ ತಪ್ಪುತ್ತದೆ ಎಂದೆ.

"ನಾಳಿ ಮುಂಜಾನಿ ಇನ್ನೊಂದು ಐತ್ರಿ. ನಮ್ಮ ಮನ್ಯಾಗ ಉಂಡು ಮಲಕೋರಿ."

ಕಚೇರಿ ಇದೆ, ರಜೆ ಇಲ್ಲ ಎಂದು ಹೇಳಿ ಎದ್ದೆ. ಅವನು ತಡೆಯಲಿಲ್ಲ. ಊರ ಮುಂದೆ ಬಂದು ನೋಡಿದರೆ ಗಾಡಿಯವನು ಎತ್ತುಗಳನ್ನು ಇನ್ನೂ ಹೂಡಿರಲಿಲ್ಲ, ಮೇವು ಹಾಕಿ ಮರದ ನೆರಳಿನಲ್ಲಿ ಅಡ್ಡಾಗಿದ್ದ. ಹೊರಡಲು ಬಹಳ ಹೊತ್ತಿತ್ತು. ಚಾವಡಿಯ ಮುಂದೆ ಒಬ್ಬೊಬ್ಬರಾಗಿ ಜನ ಬಂದು ಕೂಡುತ್ತಿದ್ದರು. ನಾನು ಗಾಡಿ ಹತ್ತಿ, ಅವರಿಗೆ ಬೆನ್ನು ಮಾಡಿ ಕೂತೆ.